ಗಂಟೆಗೆ ಮೂರೂವರೆ ಕಿಲೋಮೀಟರ್

ಬಂಡೆ ಹತ್ತೋ ಗಾಡಿ ಕಟ್ಟಿದ್ದೀವಿ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ‘ಎಷ್ಟು ಸ್ಪೀಡ್ ಹೋಗುತ್ತೆ?’ ಗಂಟೆಗೆ ಮೂರೂವರೆ ಕಿಲೋಮೀಟರ್ ಅಂದರೆ ನಗ್ತಾರೆ. ಅಷ್ಟಕ್ಕೆ ನಡ್ಕೊಂಡೇ ಹೋಗಬಹುದಲ್ಲ ಅಂತಾರೆ. ಹೌದು, ನಡ್ಕೊಂಡೇ ಹೋಗಬಹುದು. ಈ ಗಾಡಿಯ ಪಕ್ಕದಲ್ಲಿ ಒಬ್ಬರು ನಡ್ಕೊಂಡು ಹೋಗಲೇಬೇಕು ಕೂಡ. ಯಾಕೆ ಅನ್ನೋದು ವಡ್ಡುವಿನಲ್ಲಿ ನಮ್ಮ ಗಾಡಿಯ ಮೊದಲ ಓಟದ ದಿನ ನನಗೆ ಸರಿಯಾಗಿ ಅರ್ಥ ಆಯ್ತು.

ವಡ್ಡು ಸಂಡೂರು ತಾಲ್ಲೂಕಿನ ಊರು, ತೋರಣಗಲ್ಲು ಉಕ್ಕಿನ ಕಾರ್ಖಾನೆಯ ನೆರೆಯಲ್ಲಿದೆ. ನನ್ನ ಚಿಕ್ಕಪ್ಪನ ಮಗನಿಗೆ ಅಲ್ಲಿ ವೆಲ್ಡಿಂಗ್ ಶಾಪ್ ಇದೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ಅಣ್ಣ ಅಂತೀನಿ. ಟ್ರ್ಯಾಕ್ಟರ್ ಟ್ರೇಲರ್, ಗೇಟು, ಕಿಟಕಿ ಗ್ರಿಲ್ಲು, ಟಿಪ್ಪರ್ ಡಾಲಾ ಎಲ್ಲ ಮಾಡ್ತಾನೆ. ನಾನು ಬೆಂಗಳೂರಿನಲ್ಲಿ ಕೋಡ್ ಬರೀತೀನಿ. ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ ಹೊಸಪೇಟೆ ರೈಲು ಹತ್ತಿ, ಇಬ್ಬರೂ ಸೇರಿ ಗುಜರಿಗೆ ಹೋಗಬೇಕಿದ್ದ ಒಂದು ಜಿಪ್ಸಿಯ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನ ಇಟ್ಕೊಂಡು ಹೊಸ ಗಾಡಿ ಕಟ್ಟಿದ್ವಿ. ಬಾಡಿ ಇಲ್ಲ, ಬಾಗಿಲಿಲ್ಲ. ಎರಡು ಸೀಟು, ಅದರ ಸುತ್ತ ಪೈಪಿನ ಪಂಜರ.

ನಿಧಾನ ಯಾಕೆ?

ಬಂಡೆ ಹತ್ತೋಕೆ ಬೇಕಿರೋದು ವೇಗ ಅಲ್ಲ, ಗೇರಿನ ಗುಣಾಕಾರ. ಒಂದು ಉದಾಹರಣೆ ತಗೊಳ್ಳಿ. ಒಂದನೇ ಗೇರಿನ ಅನುಪಾತ 3.5, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.25, ಆಕ್ಸಲ್‌ನೊಳಗಿನದು 4. ಮೂರನ್ನೂ ಗುಣಿಸಿದರೆ 31.5. ಅಂದರೆ ಇಂಜಿನ್ ಮೂವತ್ತೊಂದೂವರೆ ಸುತ್ತು ತಿರುಗಿದರೆ ಚಕ್ರ ತಿರುಗೋದು ಒಂದೇ ಸುತ್ತು. ನಿಮಿಷಕ್ಕೆ 800 ಸುತ್ತಿನಲ್ಲಿ ಇಂಜಿನ್ ಸುಮ್ಮನೆ ಓಡ್ತಿದ್ದರೆ ಚಕ್ರ 25 ಸುತ್ತು ಹಾಕುತ್ತೆ. 30 ಇಂಚಿನ ಟೈರಿನ ಸುತ್ತಳತೆ ಸುಮಾರು 2.4 ಮೀಟರ್. ಲೆಕ್ಕ ಹಾಕಿ, ಗಂಟೆಗೆ ಮೂರೂವರೆ ಕಿಲೋಮೀಟರಿನ ಆಸುಪಾಸು ಬರುತ್ತೆ. ವೇಗ ಎಷ್ಟು ಕಮ್ಮಿ ಆಯ್ತೋ ಚಕ್ರದ ಬಲ ಅಷ್ಟು ಜಾಸ್ತಿ ಆಗುತ್ತೆ. ಆಕ್ಸಿಲರೇಟರ್ ಮುಟ್ಟದೆ ಗಾಡಿ ತಾನಾಗಿ ಮೇಲೆ ಹರಿಯುತ್ತೆ.

ಟೈರಿನ ಗಾಳಿಯನ್ನೂ ಇಳಿಸಬೇಕು. ರಸ್ತೆ ಮೇಲೆ 28 ಪಿಎಸ್‌ಐ ಇರೋ ಟೈರನ್ನ ನಾವು 14ಕ್ಕೆ ತಂದ್ವಿ. ಆಗ ರಬ್ಬರು ಮೆತ್ತಗಾಗಿ ಕಲ್ಲಿನ ಮೂಲೆಯನ್ನ ತಬ್ಬಿಕೊಳ್ಳುತ್ತೆ. ಇನ್ನೂ ಇಳಿಸಿದರೆ ಟೈರು ರಿಮ್ ಬಿಟ್ಟು ಆಚೆ ಬರೋ ಅಪಾಯ ಇದೆ.

ಹಿಂದಿನ ಡಿಫರೆನ್ಷಿಯಲ್‌ನ ಒಳಗಿನ ಗೇರುಗಳನ್ನ ಅಣ್ಣ ವೆಲ್ಡ್ ಮಾಡಿ ಒಂದು ಮಾಡಿಬಿಟ್ಟಿದ್ದಾನೆ. ಮಾಮೂಲಿ ಗಾಡಿಯಲ್ಲಿ ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಅದೇ ಸುಮ್ಮನೆ ತಿರುಗ್ತಾ ಇರುತ್ತೆ, ನೆಲದ ಮೇಲಿರೋ ಚಕ್ರ ಅಲ್ಲಾಡಲ್ಲ. ನಮ್ಮದರಲ್ಲಿ ಹಿಂದಿನ ಎರಡೂ ಚಕ್ರ ಯಾವಾಗಲೂ ಒಟ್ಟಿಗೇ ತಿರುಗುತ್ತವೆ. ಟಾರು ರಸ್ತೆಯ ತಿರುವಿನಲ್ಲಿ ಇದು ಟೈರು ತಿನ್ನುತ್ತೆ, ಗಾಡಿಯನ್ನ ಎಳೆದಾಡುತ್ತೆ. ಆದರೆ ನಮ್ಮ ಗಾಡಿ ರಸ್ತೆಗೆ ಇಳಿಯೋದೇ ಇಲ್ಲ.

ಎಲ್ಲಿ ಓಡಿಸೋದು?

ಇಳಿಯೋ ಹಾಗೂ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 39ನೇ ಸೆಕ್ಷನ್ ಪ್ರಕಾರ ನೋಂದಣಿ ಆಗದ ವಾಹನವನ್ನ ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ನೋಂದಣಿ ಆದ ಗಾಡಿಯನ್ನೇ ಬೇಕಾದ ಹಾಗೆ ಬದಲಿಸೋಣ ಅಂದರೆ 52ನೇ ಸೆಕ್ಷನ್ ಅಡ್ಡ ಬರುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಬಿಗಿಯಾಗಿಯೇ ಹೇಳಿದೆ. ಹಾಗಾಗಿ ಶಾಪಿನಿಂದ ಬಂಡೆವರೆಗೆ ನಮ್ಮ ಗಾಡಿ ಹೋಗೋದು ಟ್ರ್ಯಾಕ್ಟರ್ ಟ್ರೇಲರ್ ಮೇಲೆ, ಮದುವೆ ಸಾಮಾನಿನ ಥರ ಹಗ್ಗ ಬಿಗಿಸಿಕೊಂಡು.

ಬಂಡೆಗೇನು ಬರ, ಹಂಪಿ ಪಕ್ಕದಲ್ಲೇ ಇದೆಯಲ್ಲ ಅಂತ ಆಫೀಸಿನಲ್ಲಿ ಒಬ್ಬರು ಕೇಳಿದ್ದರು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿನ ಯಾವ ಕಲ್ಲಿನ ಮೇಲೆ ಯಾವ ಕಾಲದ ಉಳಿ ಗುರುತಿದೆಯೋ, ಟೈರು ತಗೊಂಡು ಹೋಗೋ ಮಾತೇ ಇಲ್ಲ. ದರೋಜಿ ಕಡೆಯ ಬಂಡೆಗಳು ಕರಡಿಗಳದ್ದು, 1994ರಲ್ಲಿ ಅದಕ್ಕಂತಲೇ ಕರಡಿಧಾಮ ಆಯ್ತು. ಸಂಡೂರಿನ ಗುಡ್ಡಗಳಲ್ಲಿ ಒಂದು ಕಡೆ ಅರಣ್ಯ, ಇನ್ನೊಂದು ಕಡೆ ಗಣಿ ಗುತ್ತಿಗೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಆ ಗುಡ್ಡಗಳಿಗೆ ಆದ ಗಾಯವನ್ನ ದೇಶವೇ ನೋಡಿತು. ಅದರ ಮೇಲೆ ನಮ್ಮ ಟೈರಿನ ಗುರುತೂ ಬೇಡ ಅಂತ ಇಬ್ಬರೂ ಮೊದಲೇ ಮಾತಾಡ್ಕೊಂಡಿದ್ವಿ.

ಉಳಿದದ್ದು ಒಬ್ಬ ಸಂಬಂಧಿಕರ ಪಟ್ಟಾ ಜಮೀನು. ಹೊಲದ ಕೊನೆಯಲ್ಲಿ ಏನೂ ಬೆಳೆಯದ ಅರ್ಧ ಎಕರೆ ಕಲ್ಲುಗುಂಪು. ಹೋಗಿ ಕೇಳಿದಾಗ ಅವರು ಹೇಳಿದ್ದು ಇಷ್ಟೇ: ‘ಓಡಿಸ್ಕೊಳ್ರಪ್ಪ. ಬದು ಒಡೀಬ್ಯಾಡ್ರಿ, ಎಣ್ಣಿ ಚೆಲ್ಲಬ್ಯಾಡ್ರಿ.’ ಅದಕ್ಕೆ ಇಂಜಿನ್ ಕೆಳಗೊಂದು ತಗಡಿನ ತಟ್ಟೆ ಕಟ್ಟಿದ್ವಿ.

ಬೆಸುಗೆಗೆ ಯಾರ ಸೀಲು?

ಕಾರ್ಖಾನೆಯಿಂದ ಬರೋ ಗಾಡಿಯನ್ನ ಗೋಡೆಗೆ ಗುದ್ದಿಸಿ ನೋಡಿರ್ತಾರೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು 2007ರಿಂದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಬಗ್ಗಿ ಕಟ್ತಾರೆ. ಅಲ್ಲಿ ಪಂಜರದ ಪೈಪಿನಿಂದ ಹಿಡಿದು ಬ್ರೇಕಿನವರೆಗೆ ತಪಾಸಣೆ ಪಾಸಾಗದೆ ಗಾಡಿ ಟ್ರ್ಯಾಕಿಗೆ ಇಳಿಯಲ್ಲ. ನಮ್ಮ ಗಾಡಿಗೆ ಸೀಲು ಹಾಕೋರು ಯಾರೂ ಇಲ್ಲ. ತಲೆ ಮೇಲಿರೋ ಪೈಪು ಗಾಡಿ ಮಗುಚಿದಾಗ ತಡೀತದೋ ಇಲ್ಲವೋ ಅನ್ನೋದಕ್ಕೆ ಅಣ್ಣನ ಕೈಯೊಂದೇ ಗ್ಯಾರಂಟಿ.

ಅದು ಅವನಿಗೂ ಗೊತ್ತಿತ್ತು. ನೀರಿನ ಜಿಐ ಪೈಪು ಸಸ್ತಾ ಸಿಗುತ್ತೆ, ಅದು ಬೇಡ ಅಂದ. ಅದರ ಸತುವಿನ ಲೇಪ ಸುಟ್ಟು ಹೊಗೆ ಬರುತ್ತೆ, ಬೆಸುಗೆಯೊಳಗೆ ಗುಳ್ಳೆ ಕೂರುತ್ತೆ. ಸೀಮ್‌ಲೆಸ್ ಪೈಪೇ ತರಿಸಿದ. ಎಲ್ಲಿ ಚೌಕ ಬಂತೋ ಅಲ್ಲಿ ಅಡ್ಡ ಓರೆ ಪೈಪು ಕೊಟ್ಟು ತ್ರಿಕೋನ ಮಾಡಿದ, ಯಾಕಂದರೆ ಚೌಕ ತಳ್ಳಿದರೆ ವಾಲುತ್ತೆ, ತ್ರಿಕೋನ ವಾಲಲ್ಲ. ಹೊರಡೋ ಹಿಂದಿನ ರಾತ್ರಿ ಪ್ರತಿ ಬೆಸುಗೆ ಮೇಲೂ ತೆಳ್ಳಗೆ ಸುಣ್ಣ ಬಳಿದ. ಬಿರುಕು ಬಿಟ್ಟರೆ ಬಿಳಿ ಮೇಲೆ ಕೂದಲೆಳೆಯಂಥ ಗೆರೆ ಕಾಣುತ್ತೆ.

ಮೊದಲು ಯಾರು ಕೂರೋದು ಅನ್ನೋ ಮಾತು ಬಂದಾಗ ನಾನೇ ಕೂರ್ತೀನಿ ಅಂದೆ. ಅವನಿಗೆ ಇಬ್ಬರು ಮಕ್ಕಳು. ಅವನು ಕೇಳಲಿಲ್ಲ. ‘ಬೆಸಿಗಿ ನಂದು. ಮೊದಲು ನಾನs ಕೂಡ್ತೀನಿ, ನೀ ಹೊರಗ ನಿಂದ್ರು.’

ಹೊರಗೆ ನಿಲ್ಲೋನನ್ನ ಈ ಆಟದಲ್ಲಿ ಸ್ಪಾಟರ್ ಅಂತಾರೆ. ಸ್ಟೀರಿಂಗ್ ಹಿಡಿದವನಿಗೆ ತನ್ನ ಮುಂದಿನ ಚಕ್ರದ ಕೆಳಗೆ ಏನಿದೆ ಅಂತ ಕಾಣಲ್ಲ, ಹಿಂದಿನ ಚಕ್ರವಂತೂ ದೇವರೇ ಗತಿ. ಹೊರಗಿದ್ದವನೇ ಅವನ ಕಣ್ಣು. ಎಡಗೈ ಚಾಚಿದರೆ ಸ್ಟೀರಿಂಗ್ ಆ ಕಡೆಗೆ, ಬೆರಳು ಮಡಚಿ ಕರೆದರೆ ನಿಧಾನಕ್ಕೆ ಮುಂದೆ, ಮುಷ್ಟಿ ಎತ್ತಿದರೆ ನಿಲ್ಲು. ಮುಷ್ಟಿಗೆ ಮಾತ್ರ ಒಂದು ಷರತ್ತು: ಯಾಕೆ ಅಂತ ಕೇಳೋದು ಇಂಜಿನ್ ಆಫ್ ಆದ ಮೇಲೆ.

ಮೂರು ಬಂಡೆ

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಯಾರಿಗೂ ಗೊತ್ತಾಗದ ಹಾಗೆ ಹೋಗಿ ಬರೋಣ ಅಂತ ಪ್ಲ್ಯಾನು. ಆದರೆ ಟ್ರೇಲರ್ ಮೇಲೆ ಬಾಡಿ ಇಲ್ಲದ ಗಾಡಿ ಕಂಡಮೇಲೆ ಊರು ಸುಮ್ಮನಿರುತ್ತಾ? ನಾವು ಹಗ್ಗ ಬಿಚ್ಚೋದರೊಳಗೆ ನಲವತ್ತು ಜನ ಸೇರಿದ್ದರು, ಅದರಲ್ಲಿ ಅರ್ಧ ಚಿಕ್ಕ ಹುಡುಗರು. ನನಗೆ ಬಂಡೆಗಿಂತ ಹೆಚ್ಚು ಭಯ ಆಗಿದ್ದು ಅವರನ್ನ ನೋಡಿ. ಬಂಡೆಯಿಂದ ಹಿಂದಕ್ಕೆ ಜಾರೋ ಗಾಡಿಯ ಹಿಂದೆ ಸೆಲ್ಫಿ ಹಿಡಿದು ಒಬ್ಬ ನಿಂತರೆ ಮುಗೀತು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಗೆರೆ ದಾಟಿದರೆ ಗಾಡಿ ವಾಪಸ್ ಟ್ರೇಲರ್ ಹತ್ತುತ್ತೆ ಅಂತ ಹೇಳಿದ್ವಿ. ಗೆರೆ ಕಾಯೋ ಕೆಲಸವನ್ನ ಎಲ್ಲರಿಗಿಂತ ತುಂಟನಾಗಿದ್ದ ಹುಡುಗನಿಗೇ ಕೊಟ್ವಿ. ಅವನು ದೊಡ್ಡವರನ್ನೂ ಬಿಡಲಿಲ್ಲ.

ಟ್ರ್ಯಾಕ್ಟರನ್ನ ಎಳೆಯೋಕೆ ತಯಾರಾಗಿ ನಿಲ್ಲಿಸಿ, ಉಕ್ಕಿನ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದ್ವಿ. ಹಗ್ಗ ಕಿತ್ತರೆ ಚಾಟಿಯ ಹಾಗೆ ಬೀಸುತ್ತೆ. ಚೀಲದ ಭಾರ ಅದರ ರಭಸ ತಗ್ಗಿಸುತ್ತೆ.

ದಾರಿ ನೋಡ್ತಾ ಇದ್ದಾಗ ಕುರಿ ಬಿಟ್ಟುಕೊಂಡು ಬಂದ ಅಜ್ಜ ಒಬ್ಬರು ನಾನು ಆರಿಸಿದ್ದ ಕಲ್ಲಿನ ಕಡೆ ಕೋಲು ತೋರಿಸಿದರು. ‘ಅದರ ಮ್ಯಾಲ ಹೋಗಬ್ಯಾಡ್ರಿ. ಆಡು ನಿಂತ್ರೂ ಅಲ್ಲಾಡ್ತೈತಿ.’ ಹೋಗಿ ತಳ್ಳಿದೆ. ಎತ್ತಿನಷ್ಟು ದೊಡ್ಡ ಗುಂಡು ಕಲ್ಲು ನಿಜವಾಗಿ ತೂಗಿತು. ಈ ಸೀಮೆಯ ಗುಂಡುಗಳ ಕಥೆಯೇ ಅದು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಅದರ ಸೀಳುಗಳಲ್ಲಿ ನೀರಿಳಿದು, ಮಣ್ಣಿನೊಳಗೇ ಮೂಲೆಗಳು ಕರಗಿ, ಗಟ್ಟಿ ಗುಂಡು ಮಾತ್ರ ಉಳಿಯುತ್ತೆ. ಆಮೇಲೆ ಸುತ್ತಲಿನ ಮಣ್ಣು ಕೊಚ್ಚಿ ಹೋಗಿ ಒಂದರ ಮೇಲೊಂದು ಕೂತಿರುತ್ತವೆ. ಕೆಲವು ಭದ್ರ, ಕೆಲವು ಅಲ್ಲ. ಯಾವುದು ಯಾವುದು ಅಂತ ಗೊತ್ತಿರೋದು ದಿನಾ ಅಲ್ಲಿ ಓಡಾಡೋರಿಗೆ. ದಾರಿ ಬದಲಿಸಿದ್ವಿ.

ಮೊದಲ ಬಂಡೆ ಮೊಣಕಾಲೆತ್ತರ. ಅಣ್ಣ ಬೆಲ್ಟು ಬಿಗಿದು, ಹೆಲ್ಮೆಟ್ ಹಾಕಿ, ಕ್ಲಚ್ ಬಿಟ್ಟು ಕಾಲು ತೆಗೆದ. ಟೈರು ಕಲ್ಲಿಗೆ ಮೂತಿ ಒತ್ತಿತು, ಸ್ವಲ್ಪ ಚಪ್ಪಟೆಯಾಯ್ತು, ಆಮೇಲೆ ಬೆಕ್ಕು ಗೋಡೆ ಹತ್ತಿದ ಹಾಗೆ ಸದ್ದಿಲ್ಲದೆ ಮೇಲೇರಿತು. ಚಪ್ಪಾಳೆ ಬಿತ್ತು. ಅಣ್ಣ ನಗಲೂ ಇಲ್ಲ, ಸ್ಟೀರಿಂಗ್ ಕೈ ಬಿಡಲೂ ಇಲ್ಲ.

ಎರಡನೆಯದು ಸೊಂಟದೆತ್ತರ, ಮೇಲಾಗಿ ಓರೆ. ಶಾಪಿನಲ್ಲಿ ಲೆಕ್ಕ ಹಾಕಿದ್ದು ಹೀಗೆ: ಎರಡು ಚಕ್ರಗಳ ನಡುವೆ 1.3 ಮೀಟರ್ ಅಗಲ, ಗುರುತ್ವ ಕೇಂದ್ರ 0.65 ಮೀಟರ್ ಎತ್ತರ ಇದ್ದರೆ ಕಾಗದದ ಮೇಲೆ 45 ಡಿಗ್ರಿವರೆಗೆ ವಾಲಬಹುದು. ಸ್ಪ್ರಿಂಗ್ ಒಂದು ಕಡೆ ಕುಗ್ಗಿದಾಗ ಅದಕ್ಕಿಂತ ಬೇಗ ಮಗುಚುತ್ತೆ. ಅದಕ್ಕೆ ನಮ್ಮ ಗಡಿ 25. ಗಾಡಿ ಬಲಕ್ಕೆ ವಾಲ್ತಾ ಹೋಯ್ತು. ಪಂಜರಕ್ಕೆ ಅಂಟಿಸಿದ್ದ ಫೋನಿನ ಆ್ಯಪ್ 19 ತೋರಿಸ್ತಿತ್ತು. ಎಡಗಡೆ ಮುಂದಿನ ಚಕ್ರ ಗಾಳಿಯಲ್ಲಿ ನೇತಾಡ್ತಿತ್ತು, ಸ್ಟೀರಿಂಗ್ ಪೂರ್ತಿ ತಿರುಗಿತ್ತು. ಆಗ ಕೆಳಗಿಂದ ನನಗೊಂದು ಕಂಡಿತು. ಆ ಚಕ್ರಕ್ಕೆ ಹೋಗೋ ಬ್ರೇಕ್ ಹೋಸ್ ವೀಣೆಯ ತಂತಿಯಂತೆ ಬಿಗಿದು ನಿಂತಿತ್ತು.

ಮುಷ್ಟಿ ಎತ್ತಿದೆ.

ಗಾಡಿ ನಿಂತಿತು. ಇಂಜಿನ್ ಆಫ್. ಓಡಿಹೋಗಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಇನ್ನು ಮೂರಡಿ ಹತ್ತಿದ್ದರೆ ಬಂಡೆ ದಾಟಿರ್ತಿತ್ತು. ಗೆರೆಯಾಚೆಯಿಂದ ‘ಹೋಗ್ಲಿ, ಹೋಗ್ಲಿ’ ಅನ್ನೋ ಕೂಗು. ಆ ಕೂಗಿನಲ್ಲಿ ಅವನ ಗಿರಾಕಿಗಳಿದ್ದರು, ‘ಗುಜರಿಗೆ ದುಡ್ಡು ಹಾಕ್ಯಾನ’ ಅಂತ ಎರಡು ವರ್ಷ ಆಡ್ಕೊಂಡವರೂ ಇದ್ದರು. ಅಣ್ಣ ಅವರ ಕಡೆ ತಿರುಗಿಯೂ ನೋಡಲಿಲ್ಲ. ‘ಏನ್ ಕಂಡಿ?’ ಅಂತ ಕೇಳಿದ. ಹೋಸ್ ತೋರಿಸಿದೆ. ಇಳಿದು ಬಂದು ಬೆರಳಲ್ಲಿ ಮೀಟಿ ನೋಡಿ, ‘ಸಾಕು ಇವತ್ತಿಗೆ’ ಅಂದ.

ಶಾಪಿನಲ್ಲಿ ಚಕ್ರ ಪೂರ್ತಿ ಇಳಿಬಿಟ್ಟು ನೋಡಿದ್ವಿ, ಹೋಸ್ ಸಡಿಲವಾಗೇ ಇತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿದ್ವಿ, ಆಗಲೂ ಸರಿ ಇತ್ತು. ಎರಡೂ ಒಟ್ಟಿಗೇ ಆಗೋದು ಬಂಡೆ ಮೇಲೆ. ಬೇರೆ ಬೇರೆಯಾಗಿ ಪಾಸಾದ ಎರಡು ಟೆಸ್ಟು ಕೂಡಿದಾಗ ಫೇಲ್ ಆಗೋದನ್ನ ನಮ್ಮ ಕಸುಬಿನವರು ವಾರಕ್ಕೊಮ್ಮೆ ನೋಡ್ತೀವಿ. ಅಲ್ಲಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಆಯ್ತು. ಇಲ್ಲಿ ಹೋಸ್ ಕಿತ್ತು, ಓರೆ ಬಂಡೆ ಮೇಲೆ ಪೆಡಲ್ ಸೀದಾ ಕೆಳಗೆ ಹೋಗಿದ್ದರೆ ಸೀಟಿನಲ್ಲಿ ಇದ್ದದ್ದು ಅಣ್ಣ.

ಸ್ಟೀರಿಂಗ್ ನೇರ ಮಾಡಿ, ಹೋಸ್ ಸಡಿಲ ಆದದ್ದು ನೋಡ್ಕೊಂಡು, ರಿವರ್ಸ್ ಲೋ ಗೇರಿನಲ್ಲಿ ಇಂಚಿಂಚಾಗಿ ಇಳಿಸಿದ್ವಿ. ಮೂರನೇ ಬಂಡೆ, ಎಲ್ಲರೂ ಕಾಯ್ತಿದ್ದ ದೊಡ್ಡ ಬಂಡೆ, ಹಾಗೇ ಉಳೀತು. ಗೆರೆ ಕಾಯ್ತಿದ್ದ ಹುಡುಗ ‘ಇಷ್ಟೇನಾ?’ ಅಂದ. ಅಣ್ಣ ಅವನನ್ನ ಕರೆದು ಹೋಸ್ ತೋರಿಸಿ, ಅದು ಏನು ಕೆಲಸ ಮಾಡುತ್ತೆ ಅಂತ ಹೇಳಿದ. ಆಮೇಲೆ ಎಲ್ಲರಿಗೂ ಒಗ್ಗರಣಿ, ಮಿರ್ಚಿ ಆಯ್ತು.

ಅಮೆರಿಕದ ಮೋಆಬ್‌ನಲ್ಲಿ 1967ರಿಂದ ಜೀಪುಗಳು ಬಂಡೆ ಹತ್ತುತ್ತಿವೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ 2007ರಿಂದ ‘ಕಿಂಗ್ ಆಫ್ ದ ಹ್ಯಾಮರ್ಸ್’ ರೇಸು ನಡೀತಿದೆ. ಆ ವಿಡಿಯೋಗಳಲ್ಲಿ ಗಾಡಿ ಹಾರೋದು, ಮಗುಚೋದು ಕಾಣುತ್ತೆ. ಮನೆಯಲ್ಲಿ ಕಟ್ಟೋ ಆಸೆ ಇರೋರು ಆ ಗಾಡಿಗಳ ಪಕ್ಕ ಕೈ ಆಡಿಸ್ತಾ ನಡೆಯೋ ಮನುಷ್ಯನನ್ನೂ ಗಮನಿಸಿ. ಗಾಡಿಗೆ ದುಡ್ಡು ಹೊಂದಿಸೋ ಮೊದಲು ಅಂಥವನೊಬ್ಬನನ್ನ ಹೊಂದಿಸ್ಕೊಳ್ಳಿ. ಅವನು ನಿಲ್ಲು ಅಂದರೆ ನಾಲ್ಕು ಜನರ ಮುಂದೆ ನಿಲ್ಲಿಸೋಕೆ ನಿಮ್ಮಿಂದ ಆಗುತ್ತಾ ಅಂತಲೂ ಕೇಳ್ಕೊಳ್ಳಿ.

ಆ ರಾತ್ರಿ ಟಾರ್ಚ್ ಹಿಡಿದು ಸುಣ್ಣದ ಗುರುತುಗಳನ್ನ ಒಂದೊಂದಾಗಿ ನೋಡಿದ್ವಿ. ಎಲ್ಲೂ ಗೆರೆ ಇರಲಿಲ್ಲ. ಬ್ರೇಕಿಗೇ ಅಂತ ಮಾಡಿದ ಉದ್ದನೆಯ ಹೋಸ್‌ಗೆ ಆರ್ಡರ್ ಕೊಟ್ಟಿದ್ದೀವಿ. ಅದು ಬಂದ ಮೇಲೆ ಎರಡನೇ ಬಂಡೆಯಿಂದ ಮತ್ತೆ ಶುರು. ಆ ಸಲ ಸೀಟಿನಲ್ಲಿ ನಾನು, ಹೊರಗೆ ಅಣ್ಣ.