ಆಟಿಕೆಯ ತುಪ್ಪಳ ಕೊಳೆಯಲ್ಲ

ಹಳೆಯ ಆಟಿಕೆಯ ಮೈಮೇಲಿನ ತುಪ್ಪಳ ಕೆರೆದು, ಅಡಿಯ ಅಂಟನ್ನು ಉಜ್ಜಿ ತೆಗೆದು, ಬೋಳು ಪ್ಲಾಸ್ಟಿಕ್ಕನ್ನು ತೋರಿಸಿ ‘ನೋಡಿ, ಎಷ್ಟು ಚೆನ್ನಾಗಿ ಕ್ಲೀನ್ ಮಾಡಿದ್ದೇನೆ’ ಎಂದು ಬೀಗುವ ಸಂಗ್ರಾಹಕರ ಜತೆ ನನಗೆ ಜಗಳವಿದೆ. ಅವರು ಕ್ಲೀನ್ ಮಾಡಿಲ್ಲ, ಸುಲಿದಿದ್ದಾರೆ.

ಯಾವ ಆಟಿಕೆ ಎಂದು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಹ್ಯಾಸ್ಬ್ರೊ ಕಂಪನಿ 1983ರಲ್ಲಿ ‘ಮೈ ಲಿಟಲ್ ಪೋನಿ’ ಎಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಕುದುರೆಗಳನ್ನು ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ‘ಸೋ ಸಾಫ್ಟ್’ ಎಂಬ ಇನ್ನೊಂದು ಸಾಲು ಬಂತು. ಹೆಸರೇ ಹೇಳುವಂತೆ ಇವುಗಳ ಮೈ ಮೆತ್ತಗೆ. ಅದು ಹೊಲಿದ ಬಟ್ಟೆಯಲ್ಲ. ಫ್ಲಾಕಿಂಗ್ ಎಂಬ ಈ ಕೆಲಸದಲ್ಲಿ ವಸ್ತುವಿಗೆ ಅಂಟು ಬಳಿದು, ಚಿಕ್ಕದಾಗಿ ಕತ್ತರಿಸಿದ ನೂಲಿನೆಳೆಗಳನ್ನು ವಿದ್ಯುತ್ ಕ್ಷೇತ್ರದ ಬಲದಿಂದ ಅದರತ್ತ ಹಾರಿಸುತ್ತಾರೆ. ಎಳೆಗಳು ನಾಟಿ ಮಾಡಿದ ಪೈರಿನ ಹಾಗೆ ಅಂಟಿನಲ್ಲಿ ನೆಟ್ಟಗೆ ನಿಲ್ಲುತ್ತವೆ.

ನಲವತ್ತು ವರ್ಷದಲ್ಲಿ ಈ ಪೈರು ಅಲ್ಲಲ್ಲಿ ಉದುರಿದೆ. ಉಳಿದದ್ದು ಕಜ್ಜಿ ಹತ್ತಿದಂತೆ ಕಾಣುತ್ತದೆ, ಧೂಳು ಹಿಡಿಯುತ್ತದೆ, ಅದಕ್ಕೇ ಪೂರ್ತಿ ತೆಗೆದುಬಿಡುತ್ತೇವೆ ಎನ್ನುವುದು ಅವರ ವಾದ. ಒಳಗಿರುವ ‘ಅಸಲಿ’ ಕುದುರೆಯನ್ನು ಹೊರತರುತ್ತಿದ್ದೇವಂತೆ!

ಒಳಗೆ ಅಂಥ ಕುದುರೆಯೇ ಇಲ್ಲ. ಇರುವುದು ಕಾರ್ಖಾನೆಯವರು ಯಾರಿಗೂ ತೋರಿಸಲೆಂದು ಮಾಡದ, ಅಂಟು ಮೆತ್ತಿದ ಪ್ಲಾಸ್ಟಿಕ್. ಸೊಂಟದ ಮೇಲಿನ ಚಿತ್ರವನ್ನು ಅಚ್ಚು ಹಾಕಿದ್ದೇ ತುಪ್ಪಳದ ಮೇಲೆ. ತುಪ್ಪಳದ ಜತೆ ಅದೂ ಹೋಗುತ್ತದೆ. ಇನ್ನೂ ಸ್ಪಷ್ಟವಾದ ಉದಾಹರಣೆ ಮ್ಯಾಟೆಲ್ ಕಂಪನಿಯ ‘ಮಾಸ್ ಮ್ಯಾನ್’. ‘ಮಾಸ್ಟರ್ಸ್ ಆಫ್ ದ ಯೂನಿವರ್ಸ್’ ಸರಣಿಯಲ್ಲಿ 1985ರಲ್ಲಿ ಬಂದ ಈ ಹಸಿರು ಬೊಂಬೆಗೆ ಪಾಚಿಯಂಥ ತುಪ್ಪಳ, ಪೈನ್ ಮರದ ವಾಸನೆ. ಅಡಿಯ ಅಚ್ಚು ಮಾತ್ರ ಅದೇ ಸರಣಿಯ ‘ಬೀಸ್ಟ್ ಮ್ಯಾನ್’ನದು. ತುಪ್ಪಳ ಕೆರೆದರೆ ಮಾಸ್ ಮ್ಯಾನ್ ಇಲ್ಲವೇ ಇಲ್ಲ, ಹಸಿರು ಬಣ್ಣದ ಬೀಸ್ಟ್ ಮ್ಯಾನ್ ಇದ್ದಾನೆ. ಅಸಲಿ ಯಾವುದು, ಈಗ ಹೇಳಿ.

ಕೆರೆಯುವ ವಿಧಾನವಾದರೂ ಎಂಥದ್ದು? ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕುತ್ತಾರೆ. ಟೊಳ್ಳು ಮೈಯೊಳಗೆ ನೀರು ನುಗ್ಗಿ, ಬಾಲವನ್ನು ಒಳಗಿನಿಂದ ಹಿಡಿದಿರುವ ಲೋಹದ ಬಿಲ್ಲೆ ತುಕ್ಕು ಹಿಡಿದು, ಬಾಲದ ಬುಡವೆಲ್ಲ ಕಂದು ಬಣ್ಣವಾಗುತ್ತದೆ. ಜಗ್ಗದ ಅಂಟಿಗೆ ನೇಲ್ ಪಾಲಿಶ್ ರಿಮೂವರ್, ಥಿನ್ನರ್. ಅಸಿಟೋನಿಗೆ ಅಂಟು ಯಾವುದು, ಕಣ್ಣಿನ ಬಣ್ಣ ಯಾವುದು ಎಂಬ ಭೇದವಿಲ್ಲ. ಮೆತ್ತನೆಯ ಪಿವಿಸಿಯನ್ನು ಮೆತ್ತಗಿಟ್ಟಿರುವ ಪದಾರ್ಥವನ್ನೂ ಅದು ಎಳೆದು ಹಾಕಬಲ್ಲದು. ಇಂದು ಚೆನ್ನಾಗಿ ಕಂಡದ್ದು ನಾಳೆ ಗಡುಸಾದರೆ ಯಾರನ್ನು ಕೇಳುವುದು?

ಈ ಜಗಳ ಆಟಿಕೆಯಿಂದ ಶುರುವಾದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಳೆಯ ಚರ್ಚುಗಳ ಗೋಡೆಯ ಗಾರೆ ಕೆರೆದು ಬರಿಗಲ್ಲು ತೋರಿಸುವುದನ್ನೇ ಜೀರ್ಣೋದ್ಧಾರ ಎನ್ನುತ್ತಿದ್ದರು. ಅದರ ವಿರುದ್ಧ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಒಂದು ಸಂಘವನ್ನೇ ಕಟ್ಟಿದರು. ಅದಕ್ಕೆ ಬಿದ್ದ ಅಡ್ಡಹೆಸರು ‘ಆ್ಯಂಟಿ ಸ್ಕ್ರೇಪ್’, ಅಂದರೆ ಕೆರೆತ ವಿರೋಧಿ. ಚರ್ಚಿಗೂ ಅಂಗೈಯಗಲದ ಕುದುರೆಗೂ ಎಲ್ಲಿಯ ಹೋಲಿಕೆ ಎಂದು ನಗಬೇಡಿ. ತೆಗೆದದ್ದನ್ನು ಮತ್ತೆ ಇಡಲಾಗದು ಎಂಬ ಮಾತು ಎರಡಕ್ಕೂ ಒಂದೇ.

ನನ್ನ ಕಪಾಟಿನಲ್ಲೂ ಒಂದು ಸೋ ಸಾಫ್ಟ್ ಕುದುರೆ ಇದೆ. ಬೆನ್ನು ಮತ್ತು ಮೂಗಿನ ತುದಿ ಸವೆದಿವೆ, ಕಾಲುಗಳ ಸಂದಿಯಲ್ಲಿ ತುಪ್ಪಳ ಹೊಸದರಂತಿದೆ. ಮಗುವಿನ ಕೈ ಎಲ್ಲಿ ಆಡಿತ್ತು, ಎಲ್ಲಿಗೆ ತಲುಪಲಿಲ್ಲ ಎಂಬುದರ ಲೆಕ್ಕ ಅಲ್ಲಿದೆ. ನುಣ್ಣಗೆ ಕೆರೆದರೆ ಆ ಲೆಕ್ಕವೂ ಅಳಿಸುತ್ತದೆ. ಧೂಳು ಕೂತಾಗ ಮೆದು ಬ್ರಷ್ಷು, ಅಗತ್ಯವಿದ್ದರೆ ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಆಮೇಲೆ ನೆರಳಲ್ಲಿ ಒಣಗಿಸುವುದು. ಇಷ್ಟು ಸಾಕು.

ಬೂಷ್ಟು ಹಿಡಿದು, ತುಪ್ಪಳ ಮುಕ್ಕಾಲು ಉದುರಿ, ಕಸದ ಬುಟ್ಟಿಗೆ ಹೊರಟ ಆಟಿಕೆಯನ್ನು ಯಾರಾದರೂ ಕೆರೆದು, ಬಣ್ಣ ಬಳಿದು ತಮ್ಮದೇ ಹೊಸ ಬೊಂಬೆ ಮಾಡಿಕೊಂಡರೆ ನನ್ನ ತಕರಾರಿಲ್ಲ. ಆದರೆ ಅದು ಹೊಸ ಬೊಂಬೆ. ಕೆಲವು ಪಾತ್ರಗಳು ತುಪ್ಪಳವಿಲ್ಲದ ರೂಪದಲ್ಲೂ ಬಂದಿದ್ದರಿಂದ, ಕೆರೆದದ್ದನ್ನು ನೋಡಿ ಹೊಸಬರು ಮೋಸಹೋಗುವುದು ಸುಲಭ. ಮಾರುವಾಗ ‘ತುಪ್ಪಳ ತೆಗೆದದ್ದು’ ಎಂದು ಬರೆಯಿರಿ. ‘ಉತ್ತಮ ಸ್ಥಿತಿ’ ಎಂದು ಬರೆದರೆ ಅದು ಸುಳ್ಳು.