ಸರ್ವರ್ ಸ್ತಬ್ಧವಾದರೂ ಔಷಧ ತಪ್ಪಬಾರದು

2022ರ ನವೆಂಬರ್ 23ರ ಬೆಳಗ್ಗೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ (ಏಮ್ಸ್) ಸರ್ವರ್‌ಗಳು ಸ್ತಬ್ಧಗೊಂಡವು. ಕಡತಗಳಿಗೆ ಬೀಗ ಜಡಿದು ಹಣಕ್ಕೆ ಪೀಡಿಸುವ ರ‍್ಯಾನ್ಸಮ್‌ವೇರ್ ಎಂಬ ಕುತಂತ್ರಾಂಶದ ದಾಳಿ ಅದಾಗಿತ್ತು. ಹೊರರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ, ಒಳರೋಗಿಗಳ ದಾಖಲೆ ಎಲ್ಲವೂ ಕಾಗದಕ್ಕೆ ಮರಳಿದವು. ನವೆಂಬರ್ 29ರಂದು ದತ್ತಾಂಶವನ್ನು ಮರಳಿ ಪಡೆಯಲಾಗಿದೆ ಎಂದು ಸಂಸ್ಥೆ ಪ್ರಕಟಿಸಿತಾದರೂ, ಸೇವೆಗಳು ಅಂದಿಗೂ ಕೈಬರಹದಲ್ಲೇ ನಡೆಯುತ್ತಿದ್ದವು. ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ದಾಳಿಗೆ ತುತ್ತಾಗಿತ್ತು. ಜಾಲವನ್ನು ಸೂಕ್ತವಾಗಿ ವಿಭಜಿಸದೇ ಇದ್ದುದು ಇದಕ್ಕೆ ಎಡೆಮಾಡಿಕೊಟ್ಟಿತೆಂದು ಕೇಂದ್ರ ಸರ್ಕಾರ ಅದೇ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ತಿಳಿಸಿತು.

ದಾಳಿ ನಡೆಸಿದವರು ಯಾರು, ಕದ್ದದ್ದೇನು ಎಂಬ ಚರ್ಚೆ ಸಾಕಷ್ಟು ನಡೆಯಿತು. ಆದರೆ ಸಾಮಾನ್ಯ ರೋಗಿಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಗಣಕಯಂತ್ರ ಕೈಕೊಟ್ಟ ದಿನ ವಾರ್ಡಿನಲ್ಲಿ ಮಲಗಿರುವವನಿಗೆ ಸರಿಯಾದ ಔಷಧ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ತಲುಪುತ್ತದೆಂಬ ಖಾತ್ರಿ ಏನು?

ಕಳೆದುಹೋಗುವುದು ವೇಗವಷ್ಟೇ ಅಲ್ಲ

ಸರ್ವರ್ ನಿಂತರೆ ಸರತಿ ಸಾಲು ಉದ್ದವಾಗುತ್ತದೆ, ಬಿಲ್ಲು ತಡವಾಗುತ್ತದೆ. ಇವು ಕಣ್ಣಿಗೆ ಕಾಣುವ ತೊಂದರೆಗಳು. ಕಾಣದ ಅಪಾಯ ಬೇರೆಯೇ ಇದೆ. ಸುಸಜ್ಜಿತ ಆಸ್ಪತ್ರೆಯ ಔಷಧಾಲಯದಲ್ಲಿ ತಂತ್ರಾಂಶವು ಲೆಕ್ಕ ಬರೆಯುವ ಗುಮಾಸ್ತನ ಜೊತೆಗೆ ಕಾವಲುಗಾರನ ಕೆಲಸವನ್ನೂ ಮಾಡುತ್ತಿರುತ್ತದೆ. ಪೆನಿಸಿಲಿನ್ ಒಗ್ಗದ ರೋಗಿಗೆ ಅಮಾಕ್ಸಿಸಿಲಿನ್ ಬರೆದರೆ ಅದು ತಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವವರಿಗೆ ಕೆಲವು ನೋವುನಿವಾರಕಗಳನ್ನು ಕೊಟ್ಟರೆ ರಕ್ತಸ್ರಾವವಾದೀತೆಂದು ಎಚ್ಚರಿಸುತ್ತದೆ. ಒಂದೇ ಔಷಧ ಎರಡು ಬ್ರ್ಯಾಂಡ್ ಹೆಸರಿನಲ್ಲಿ ಬಂದಿದ್ದರೆ ಪತ್ತೆ ಹಚ್ಚುತ್ತದೆ. ಅವಧಿ ಮೀರಿದ ಬ್ಯಾಚ್ ಕೌಂಟರ್ ದಾಟದಂತೆ ನೋಡಿಕೊಳ್ಳುತ್ತದೆ.

ಪರದೆ ಕಪ್ಪಾದ ಕ್ಷಣದಲ್ಲಿ ಈ ಕಾವಲೂ ಇಲ್ಲದಂತಾಗುತ್ತದೆ. ಔಷಧದ ಪ್ರಮಾಣವನ್ನು ನಿರ್ಧರಿಸಬೇಕಾದ ಮೂತ್ರಪಿಂಡ ಹಾಗೂ ರಕ್ತ ಪರೀಕ್ಷೆಗಳ ವರದಿಯೂ ಸಕಾಲಕ್ಕೆ ಕೈಸೇರುವುದಿಲ್ಲ. ಇದರ ಗಂಭೀರತೆಗೆ ಲಂಡನ್ ಸಾಕ್ಷಿಯಾಗಿದೆ. ಅಲ್ಲಿನ ಆಸ್ಪತ್ರೆಗಳಿಗೆ ಪ್ರಯೋಗಾಲಯ ಸೇವೆ ಒದಗಿಸುವ ಸಿನೋವಿಸ್ ಸಂಸ್ಥೆ 2024ರ ಜೂನ್‌ನಲ್ಲಿ ಇಂಥದೇ ದಾಳಿಗೆ ಗುರಿಯಾಯಿತು. ರಕ್ತ ಪರೀಕ್ಷೆಯ ಫಲಿತಾಂಶ ವಿಳಂಬವಾದದ್ದೂ ಒಬ್ಬ ರೋಗಿಯ ಸಾವಿಗೆ ಕಾರಣವಾದ ಅಂಶಗಳಲ್ಲಿ ಒಂದೆಂದು ಕಿಂಗ್ಸ್ ಕಾಲೇಜು ಆಸ್ಪತ್ರೆಯ ಆಡಳಿತ 2025ರಲ್ಲಿ ದೃಢಪಡಿಸಿತು.

ಎಲ್ಲಕ್ಕೂ ದಾಳಿಕೋರರೇ ಕಾರಣರಾಗಬೇಕೆಂದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಯುಕ್ತ ಪರಿಷ್ಕರಣೆಯೊಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರು ಅಂದು ಕೈಬರಹದ ಚೀಟಿಗೆ ಮೊರೆಹೋಗಬೇಕಾಯಿತು. ಅವಧಿಯ ವಿಷಯದಲ್ಲೂ ಅಂದಾಜು ತಪ್ಪಬಹುದು. 2021ರ ಮೇ 14ರ ದಾಳಿಯಿಂದ ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಸಂಪೂರ್ಣವಾಗಿ ಚೇತರಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ‘ಒಂದೆರಡು ಗಂಟೆ ತಡೆದುಕೊಳ್ಳಿ’ ಎಂಬ ಮಾತನ್ನು ನಂಬಿ ಕೂರುವಂತಿಲ್ಲ.

ಕಾಗದವೂ ಅಪಾಯಕಾರಿಯೇ

ಹಾಗಾದರೆ ಹಳೆಯ ಪುಸ್ತಕ, ಪೆನ್ನು ಹಿಡಿದರೆ ಸಾಕೇ? ಸಾಲದು. ಕಾಗದಕ್ಕೆ ತನ್ನದೇ ತಪ್ಪುಗಳಿವೆ. ಇನ್ಸುಲಿನ್ 4 ಯೂನಿಟ್ ಎಂಬಲ್ಲಿ ಅಂಕಿಯ ಪಕ್ಕ ಇಂಗ್ಲಿಷಿನ ‘ಯು’ ಅಕ್ಷರವನ್ನಷ್ಟೇ ಗೀಚಿದರೆ ಅವಸರದಲ್ಲಿ ಅದು 40 ಆಗಿ ಕಾಣುತ್ತದೆ. 0.5ರ ಮುಂದಿನ ಸೊನ್ನೆ ಬಿಟ್ಟರೆ, ಬಿಂದು ಕಾಣದೆ 5 ಆಗುತ್ತದೆ. ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದುಪಡಿ ಮಾಡಿತ್ತು. ಆದರೂ ಓದಲು ಬರುವ ಔಷಧ ಚೀಟಿ ರೋಗಿಯ ಮೂಲಭೂತ ಹಕ್ಕು ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರಲ್ಲಿ ಹೇಳಬೇಕಾಗಿ ಬಂತು ಎಂಬುದು ವಾಸ್ತವ ಸ್ಥಿತಿಗೆ ಹಿಡಿದ ಕನ್ನಡಿ.

ಇನ್ನೊಂದು ಸಂಗತಿ ಎಂದರೆ, ಪರದೆಯ ಮೇಲೆಯೇ ಕೆಲಸ ಕಲಿತ ತಲೆಮಾರು ಈಗ ಔಷಧಾಲಯಗಳಲ್ಲಿದೆ. ಕೈಬರಹದ ಇಂಡೆಂಟ್, ದಾಸ್ತಾನು ಪುಸ್ತಕಗಳು ಅವರಿಗೆ ಅಪರಿಚಿತ. ಗಣಕ ನಿಂತ ದಿನವೇ ಅದನ್ನು ಕಲಿಸಲಾಗದು.

ಮುನ್ನವೇ ಆಗಬೇಕಾದ ಕೆಲಸ

ಇದಕ್ಕೆ ಬೇಕಾದ ಸಿದ್ಧತೆ ಕೋಟಿಗಟ್ಟಲೆ ವೆಚ್ಚದ್ದಲ್ಲ. ಪ್ರತಿ ಒಳರೋಗಿಯ ಔಷಧ ಪಟ್ಟಿ, ಅಲರ್ಜಿ, ದೇಹತೂಕಗಳ ವಿವರವು ದಿನಕ್ಕೆ ಕೆಲವು ಬಾರಿ ಮುಖ್ಯ ಜಾಲದಿಂದ ಪ್ರತ್ಯೇಕವಾದ ಗಣಕವೊಂದಕ್ಕೆ ನಕಲಾಗುತ್ತಿರಬೇಕು. ಆ ಗಣಕಕ್ಕೂ ಅದರ ಪ್ರಿಂಟರಿಗೂ ಯುಪಿಎಸ್ ಇರಬೇಕು. ಮುದ್ರಿತ ಔಷಧ ಚೀಟಿ, ವಾರ್ಡ್ ಇಂಡೆಂಟ್‌ಗಳ ಕಟ್ಟು ಪ್ರತಿ ವಿಭಾಗದಲ್ಲೂ ಸಿದ್ಧವಾಗಿರಬೇಕು. ಅಲರ್ಜಿಯ ಅಂಕಣ ಖಾಲಿ ಇದ್ದ ಚೀಟಿಗೆ ಔಷಧ ಕೊಡಬಾರದು. ದಾಖಲೆ ಸಿಗದಿದ್ದಾಗ ರೋಗಿಯನ್ನೋ ಅವರ ಕಡೆಯವರನ್ನೋ ನೇರವಾಗಿ ಕೇಳಿ ಬರೆದುಕೊಳ್ಳುವುದೇ ದಾರಿ.

ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚುಮದ್ದು, ಮಾರ್ಫಿನ್, ಕ್ಯಾನ್ಸರ್ ಔಷಧಗಳಂಥವುಗಳಲ್ಲಿ ಸಣ್ಣ ತಪ್ಪೂ ಜೀವಕ್ಕೆ ಎರವಾಗಬಲ್ಲದು. ಇವುಗಳನ್ನು ಇಬ್ಬರು ಪ್ರತ್ಯೇಕವಾಗಿ ಪರಿಶೀಲಿಸಿ ಸಹಿ ಮಾಡಿದ ನಂತರವೇ ಕೊಡಬೇಕು. ಯಂತ್ರದ ಕಾವಲು ತಪ್ಪಿದಾಗ ಆ ಜಾಗಕ್ಕೆ ಇನ್ನೊಬ್ಬ ಮನುಷ್ಯ ಬಂದು ನಿಲ್ಲಬೇಕೆಂಬುದೇ ಇಲ್ಲಿನ ತತ್ವ. ಅದಕ್ಕೆ ಹೆಚ್ಚುವರಿ ಫಾರ್ಮಾಸಿಸ್ಟ್‌ಗಳು ಬೇಕು. ಅಂದು ಇರುವಷ್ಟೇ ಸಿಬ್ಬಂದಿಯಿಂದ ಎಂದಿನ ವೇಗವನ್ನು ನಿರೀಕ್ಷಿಸುವುದು ತಪ್ಪಿಗೆ ಆಹ್ವಾನ ನೀಡಿದಂತೆ. ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿ ಒತ್ತಡ ತಗ್ಗಿಸುವ ನಿರ್ಧಾರವನ್ನು ಆಡಳಿತವೇ ಕೈಗೊಳ್ಳಬೇಕು. ಅದನ್ನು ಕೌಂಟರಿನಲ್ಲಿರುವವರ ತಲೆಗೆ ಕಟ್ಟಬಾರದು.

ಕಾನೂನಿನ ಹೊಣೆಯೂ ಅಂದು ರಜೆ ಪಡೆಯುವುದಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಔಷಧಗಳಿಗೆ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣಗಳ ದಾಖಲೆ ಇಟ್ಟು ಮೂರು ವರ್ಷ ಕಾಯ್ದಿರಿಸಬೇಕು. ಮಾದಕ ಗುಣದ ಔಷಧಗಳ ಲೆಕ್ಕವಂತೂ ಇನ್ನೂ ಕಟ್ಟುನಿಟ್ಟು.

ಮರಳುವ ಹೊತ್ತಿನ ಎಚ್ಚರ

ಗಣಕ ಮತ್ತೆ ಚಾಲೂ ಆದೊಡನೆ ನಿಟ್ಟುಸಿರು ಬಿಡುವುದು ಸಹಜ. ಎಡವುವ ಸಂಭವ ಹೆಚ್ಚಿರುವುದೂ ಆಗಲೇ. ಬೆಳಗ್ಗೆ ಕಾಗದದ ಮೇಲೆ ಕೊಟ್ಟ ಡೋಸ್ ತಂತ್ರಾಂಶದಲ್ಲಿ ‘ಬಾಕಿ’ ಎಂದೇ ಕಾಣುತ್ತಿರುತ್ತದೆ. ಪಾಳಿ ಬದಲಾದ ದಾದಿ ಅದನ್ನು ನಂಬಿ ಮತ್ತೊಮ್ಮೆ ಕೊಡಬಹುದು. ಕಾಗದದಲ್ಲಿ ನಿಲ್ಲಿಸಿದ ಔಷಧ ಪರದೆಯಲ್ಲಿ ಮುಂದುವರಿದಿರಬಹುದು. ಆದ್ದರಿಂದ ಎರಡೂ ದಾಖಲೆಗಳನ್ನು ವಾರ್ಡ್‌ವಾರು ತಾಳೆ ನೋಡಿ ಮುಗಿಯುವವರೆಗೆ ಕಾಗದದ ಪಟ್ಟಿಯೇ ಪ್ರಮಾಣವಾಗಿರಬೇಕು. ನಂತರ ದಾಸ್ತಾನನ್ನು ಬ್ಯಾಚ್ ಸಮೇತ ಎಣಿಸಿ ಸರಿಪಡಿಸಬೇಕು.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾದ ಬಳಿಕ ಆಸ್ಪತ್ರೆಗಳು ಗಣಕೀಕರಣದತ್ತ ದಾಪುಗಾಲು ಹಾಕುತ್ತಿವೆ. ಏಮ್ಸ್ ಬಳಸುತ್ತಿದ್ದ ಇ-ಹಾಸ್ಪಿಟಲ್ ತಂತ್ರಾಂಶ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ. ಇದು ಸ್ವಾಗತಾರ್ಹವೇ. ಆದರೆ ಬೆಂಕಿ ಅನಾಹುತದ ಅಣಕು ಕಾರ್ಯಾಚರಣೆ ನಡೆಸುವ ಆಸ್ಪತ್ರೆಗಳು ವರ್ಷಕ್ಕೆರಡು ಬಾರಿಯಾದರೂ, ರಾತ್ರಿ ಪಾಳಿಯೂ ಸೇರಿದಂತೆ, ಗಣಕವಿಲ್ಲದೆ ಔಷಧ ವಿತರಿಸುವ ಅಭ್ಯಾಸವನ್ನೂ ನಡೆಸಬೇಕಲ್ಲವೇ? ಹೊಸ ತಂತ್ರಾಂಶಕ್ಕೆ ಹಣ ಮಂಜೂರು ಮಾಡುವ ಸರ್ಕಾರ, ಖಾಸಗಿ ಆಡಳಿತ ಮಂಡಳಿಗಳು ಆ ಅಭ್ಯಾಸದ ವರದಿಯನ್ನೂ ಕೇಳಿ ಪಡೆಯುವ ಪದ್ಧತಿ ಜಾರಿಗೆ ಬರಬೇಕಿದೆ.