ಬಾನಿನ ಅಲೆ, ಮನೆಯ ಬೀಗ

ಯಲಹಂಕದಿಂದ ಬಾಗಲೂರಿನ ಕಡೆಗೆ ಹೋಗುವಾಗ ಮನೆಗಳ ಮಾಳಿಗೆಗಳನ್ನು ಗಮನಿಸಿರಿ. ಶೀಟಿನ ಮನೆಯಿರಲಿ, ಮೂರಂತಸ್ತಿನ ಕಟ್ಟಡವಿರಲಿ, ಬೋಗುಣಿಯಂತಹ ಡಿಶ್ ಒಂದು ಆಕಾಶಕ್ಕೆ ಮುಖವೊಡ್ಡಿ ನಿಂತಿರುವುದನ್ನು ಹಲವೆಡೆ ಕಾಣಬಹುದು. ಮನೆಯ ಬಾಗಿಲು ಯಾವ ದಿಕ್ಕಿಗಾದರೂ ಇರಲಿ, ಡಿಶ್ ಮಾತ್ರ ದಕ್ಷಿಣಕ್ಕೋ ಆಗ್ನೇಯಕ್ಕೋ ತಿರುಗಿರುತ್ತದೆ. ಉತ್ತರಕ್ಕೆ ಮುಖಮಾಡಿದ್ದು ಒಂದೂ ಸಿಕ್ಕುವುದಿಲ್ಲ. ವಾಸ್ತು ಹೇಳುವವರು ಈ ವಿಷಯದಲ್ಲಿ ಸುಮ್ಮನಿರುವುದು ನಮ್ಮ ಪುಣ್ಯ!

ಇದಕ್ಕೆ ಕಾರಣ ಸರಳವಾದುದು. ಭೂಮಧ್ಯರೇಖೆಯ ನೇರದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವು ಭೂಮಿ ಒಂದು ಸುತ್ತು ತಿರುಗುವಷ್ಟೇ ಹೊತ್ತಿನಲ್ಲಿ ತಾನೂ ಒಂದು ಸುತ್ತು ಮುಗಿಸುತ್ತದೆ. ಆದಕಾರಣ ಅದು ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ. ಅದನ್ನು ಭೂಸ್ಥಿರ ಉಪಗ್ರಹವೆನ್ನುತ್ತಾರೆ. ಭೂಮಧ್ಯರೇಖೆ ನಮಗೆ ದಕ್ಷಿಣದಲ್ಲಿರುವುದರಿಂದ ಡಿಶ್ ಕೂಡ ಆ ಕಡೆಗೇ ನೋಡಬೇಕು. ಒಮ್ಮೆ ಸರಿಯಾಗಿ ಕೂರಿಸಿದರೆ ಮತ್ತೆ ತಿರುಗಿಸಬೇಕಾಗಿಲ್ಲ.

ಭೂಕೇಂದ್ರದಿಂದ ಮೇಲೇರಿದ ಅಲೆಯನ್ನು ಉಪಗ್ರಹವು ಬಲಪಡಿಸಿ ಮರಳಿ ನೆಲಕ್ಕೆ ಕಳುಹಿಸುತ್ತದೆ. ಅಷ್ಟು ದೂರ ಬರುವಷ್ಟರಲ್ಲಿ ಅದು ತೀರ ಕ್ಷೀಣಿಸಿರುತ್ತದೆ. ಡಿಶ್ಶಿನ ಬಾಗಿದ ಮೈ ತನ್ನ ಮೇಲೆ ಬಿದ್ದ ಅಲೆಗಳನ್ನೆಲ್ಲ ಒಂದೇ ಬಿಂದುವಿಗೆ ತಂದು ಕೂಡಿಸುತ್ತದೆ. ಆ ಬಿಂದುವಿನಲ್ಲಿ, ಚಾಚಿದ ತೋಳಿನ ತುದಿಗೆ, ಎಲ್‌ಎನ್‌ಬಿ ಎಂಬ ಪುಟ್ಟ ಸಾಧನವಿದೆ. ಅದು ಅಲೆಯನ್ನು ಬಲಪಡಿಸಿ, ತಂತಿಯಲ್ಲಿ ಸಾಗಬಲ್ಲ ಕಡಿಮೆ ಆವರ್ತಕ್ಕೆ ಇಳಿಸುತ್ತದೆ. ಮನೆಯೊಳಗಿನ ಸೆಟ್‌ಟಾಪ್ ಬಾಕ್ಸ್ ಅದನ್ನು ಚಿತ್ರವಾಗಿ, ಧ್ವನಿಯಾಗಿ ಬಿಡಿಸಿಕೊಡುತ್ತದೆ. ಜಡಿಮಳೆ ಬಂದಾಗ ಚಿತ್ರ ಒಡೆಯುವುದನ್ನು ನೀವು ಕಂಡಿರಬಹುದು. ಕೆಲವೇ ಸೆಂಟಿಮೀಟರ್ ಉದ್ದದ ಈ ಅಲೆಗಳನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ. ಆಗ ಮಾಳಿಗೆ ಹತ್ತಿ ಡಿಶ್ ಅಲ್ಲಾಡಿಸುವವರು ಒದ್ದೆಯಾಗುತ್ತಾರೆಯೇ ಹೊರತು ಬೇರೆ ಪ್ರಯೋಜನವಿಲ್ಲ.

ಈ ಅಲೆಗೆ ಬಡವ ಬಲ್ಲಿದನೆಂಬ ಭೇದವಿಲ್ಲ. ಎಲ್ಲ ಮಾಳಿಗೆಗಳ ಮೇಲೂ ಅದು ಸಮನಾಗಿ ಬೀಳುತ್ತದೆ. ಚಂದಾ ಕಟ್ಟದಿದ್ದರೆ ಕಂಪನಿಯವರು ಯಾವ ತಂತಿಯನ್ನೂ ಕತ್ತರಿಸುವುದಿಲ್ಲ. ಅಲೆ ಎಂದಿನಂತೆ ಡಿಶ್ಶಿಗೆ ಬಂದು ತಾಕುತ್ತಲೇ ಇರುತ್ತದೆ. ಆದರೆ ಅದು ಗೂಢಲಿಪಿಯಲ್ಲಿರುವುದರಿಂದ, ಅನುಮತಿ ಇಲ್ಲದ ಪೆಟ್ಟಿಗೆ ಅದನ್ನು ಓದಲೊಲ್ಲದು. ಬೀಗ ಇರುವುದು ಬಾನಿನಲ್ಲಲ್ಲ, ನಮ್ಮ ಮನೆಯ ಪೆಟ್ಟಿಗೆಯಲ್ಲಿ. ನಾಟಕಕ್ಕೂ ಆಟಕ್ಕೂ ಬೆಲೆ ಕೇಳುವುದು ತಪ್ಪೆಂದು ನಾನು ಹೇಳಲಾರೆ. ದುಡಿದವರಿಗೆ ಕೂಲಿ ಸಲ್ಲಬೇಕು. ಪಾಠಕ್ಕೂ ಅದೇ ಬೀಗ ಹಾಕಬೇಕೇ ಎಂಬುದು ನನ್ನ ಪ್ರಶ್ನೆ.

ನಮ್ಮ ನಾಡಿಗೆ ಉಪಗ್ರಹ ದೂರದರ್ಶನ ಮೊದಲು ಬಂದ ಬಗೆಯನ್ನು ನೆನೆಯಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ಸಂಸ್ಥೆಯು ‘ಸೈಟ್’ ಎಂಬ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಬೆಂಗಳೂರಿಗಲ್ಲ; ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಡಿಶ್. ಊರಿಗೆಲ್ಲ ಒಂದೇ ದೂರದರ್ಶನ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಮನರಂಜನೆ. ಇಡೀ ಊರು ಒಂದೆಡೆ ಕುಳಿತು ನೋಡುತ್ತಿತ್ತು. ಅಲ್ಲಿ ಚಂದಾ ಕೇಳುವವರಿರಲಿಲ್ಲ.

2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಇದರ ಬೆಲೆ ಮತ್ತೊಮ್ಮೆ ತಿಳಿಯಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಹೆಸರಿನಿಂದ ಪಾಠಗಳು ಪ್ರಸಾರವಾದವು. ಮೊಬೈಲು, ಅಂತರಜಾಲ ಇಲ್ಲದ ಮನೆಯ ಮಕ್ಕಳಿಗೆ ಅದೊಂದು ದಾರಿಯಾಯಿತು.

ದೂರದರ್ಶನದ ‘ಫ್ರೀ ಡಿಶ್’ ಸೇವೆ 2004ರಲ್ಲಿ, ಬೇರೊಂದು ಹೆಸರಿನಲ್ಲಿ, ಆರಂಭವಾಯಿತು. ಡಿಶ್ ಮತ್ತು ಪೆಟ್ಟಿಗೆಯನ್ನು ಒಮ್ಮೆ ಕೊಂಡರೆ ಸಾಕು, ತಿಂಗಳ ಚಂದಾ ಇಲ್ಲ. ಇದು ಸಂತೋಷದ ಸಂಗತಿ. ಆದರೆ ಅದರಲ್ಲಿ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಸ್ಥಳ ಹಿಡಿಯುತ್ತವೆ. ಹೀಗಾಗಿ ಸಿಂಹಪಾಲು ಹಿಂದಿಯದೇ ಆಗಿದೆ. ಹೆಚ್ಚು ಹಣ ಕೂಗಿದವರಿಗೆ ಸ್ಥಳವೆಂಬ ನ್ಯಾಯ ಸಂತೆಗೆ ಒಪ್ಪೀತು, ಶಾಲೆಗೆ ಒಪ್ಪದು. ಹರಾಜಿಗೆ ಮುನ್ನವೇ ಪ್ರತಿಯೊಂದು ನಾಡನುಡಿಯ ಪಾಠದ ವಾಹಿನಿಗಳಿಗೆ ಸಾಕಷ್ಟು ಸ್ಥಳವನ್ನು ತೆಗೆದಿರಿಸಬೇಕು. ಖಾಸಗಿ ಕಂಪನಿಗಳ ಪೆಟ್ಟಿಗೆಗಳೂ, ಚಂದಾ ತೀರಿದ ದಿನ ಉಳಿದುದನ್ನೆಲ್ಲ ಮುಚ್ಚಲಿ; ಚಂದನವನ್ನೂ ಪಾಠದ ವಾಹಿನಿಗಳನ್ನೂ ತೆರೆದೇ ಇಡಬೇಕು.